ಸೋಯಾ ಗುಳಿಗೆ ಮತ್ತು ಅವ್ವನ ಮಣಿಕಟ್ಟು

ಅವ್ವ ಬಚ್ಚಲಲ್ಲಿ ಜಾರಿ ಕೈ ಊರಿದಳು, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಬೇಕಾದ ಮೂಳೆ ಮಸುಕು ಬೂದಿಯಂತಿತ್ತು. ಆಗ ನನಗೆ 49, ಮುಟ್ಟು ನಿಂತು ವರ್ಷ ತುಂಬಿತ್ತು. ಆ ವಾರವೇ ಔಷಧಿ ಅಂಗಡಿಯಿಂದ ಸೋಯಾ ಗುಳಿಗೆ ತಂದೆ.

ಮೂಳೆಯಲ್ಲಿ ಒಂದು ಬಗೆಯ ಜೀವಕೋಶ ಹಳೆಯದನ್ನು ಕೆರೆದು ತೆಗೆಯುತ್ತಿರುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತಿರುತ್ತದೆ. ಕೆರೆಯುವವಕ್ಕೆ ಕಡಿವಾಣ ಹಾಕುವುದು ಹೆಣ್ಣಿನ ಹಾರ್ಮೋನು ಈಸ್ಟ್ರೊಜೆನ್. ಮುಟ್ಟು ನಿಂತು ಅದು ಇಳಿದ ಮೊದಲ ಐದಾರು ವರ್ಷ ಸವೆತ ಜೋರು. ಆ ಕೊರತೆ ತುಂಬುವ ಈಸ್ಟ್ರೊಜೆನ್-ಪ್ರೊಜೆಸ್ಟಿನ್ ಜೋಡಿ ಮಾತ್ರೆ ಮೂಳೆಮುರಿತ ತಗ್ಗಿಸಿದರೂ ಸ್ತನ ಕ್ಯಾನ್ಸರ್ ಹೆಚ್ಚಿಸುತ್ತದೆಂದು ಅಮೆರಿಕದ ದೊಡ್ಡ ಅಧ್ಯಯನವೊಂದನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಹೆದರಿದ ಹೆಂಗಸರಿಗೆ ಸೋಯಾದ ಐಸೊಫ್ಲಾವೋನ್ ಆಸರೆಯಾಗಿ ಕಂಡಿತು. ಅದರ ರಚನೆ ಈಸ್ಟ್ರೊಜೆನ್ನನ್ನು ಹೋಲುತ್ತದೆ. ದೇಹದ ಅದೇ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ, ಆದರೆ ಬಲ ಬಹಳ ಕಡಿಮೆ.

ಆ ಬಲ ಮೂಳೆಗೆ ಸಾಲುತ್ತದೆಯೇ? ಮಯಾಮಿಯಲ್ಲಿ, ಮುಟ್ಟು ನಿಂತು ಐದು ವರ್ಷದೊಳಗಿನ 248 ಹೆಂಗಸರನ್ನು ಎರಡು ವರ್ಷ ಗಮನಿಸಿದರು. ಅರ್ಧದಷ್ಟು ಜನಕ್ಕೆ ದಿನಾ 200 ಮಿಲಿಗ್ರಾಂ ಐಸೊಫ್ಲಾವೋನ್, ಉಳಿದವರಿಗೆ ಹುಸಿ ಗುಳಿಗೆ. 2011ರಲ್ಲಿ ಫಲಿತಾಂಶ ಬಂತು: ಬೆನ್ನುಮೂಳೆಯ ಸಾಂದ್ರತೆ ಸೋಯಾದವರಲ್ಲಿ ಶೇ. 2, ಹುಸಿ ಗುಳಿಗೆಯವರಲ್ಲಿ ಶೇ. 2.3 ಇಳಿದಿತ್ತು. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. ಮೈ ಬಿಸಿಯೇರುವ ಸಂಕಟವಂತೂ ಸೋಯಾದವರಲ್ಲೇ ಹೆಚ್ಚು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇಟಲಿಯಲ್ಲಿ ಮಾತ್ರ ಸೋಯಾದ ಒಂದೇ ಅಂಶ, ಜೆನಿಸ್ಟೀನ್, ದಿನಕ್ಕೆ 54 ಮಿಲಿಗ್ರಾಂ ಕೊಟ್ಟಾಗ ಸಾಂದ್ರತೆ ಏರಿತ್ತು. ಆದರೆ ಸಾಂದ್ರತೆ ಏರಿದ್ದು ಬೇರೆ, ಬಿದ್ದಾಗ ಮೂಳೆ ಮುರಿಯದೆ ಉಳಿಯುವುದು ಬೇರೆ. ಆ ಭರವಸೆಯನ್ನು ಯಾವ ಸೋಯಾ ಗುಳಿಗೆಯೂ ಇನ್ನೂ ಗಳಿಸಿಲ್ಲ.

ನಮ್ಮ ಬೀದರ್ ಕಡೆ ಮುಂಗಾರಿನಲ್ಲಿ ಹೊಲದ ತುಂಬ ಸೋಯಾ. ಆ ಕಾಳನ್ನು ನೆನೆಸಿ ಬೇಯಿಸಿ ತಿನ್ನಿ, ಒಳ್ಳೆಯ ಪ್ರೋಟೀನ್. ಸೋಯಾ ಎಣ್ಣೆಯಲ್ಲಿ ಐಸೊಫ್ಲಾವೋನ್ ಇಲ್ಲವೆಂದೇ ಹೇಳಬಹುದು. ಸ್ತನ ಕ್ಯಾನ್ಸರ್ ಆದವರು ಗುಳಿಗೆ ಮುಟ್ಟುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ನಾನು ಕಡೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಟಿ-ಸ್ಕೋರ್ ಮೈನಸ್ 1.9 ಬಂತು, ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಈಗ ಗುಳಿಗೆ ಇಲ್ಲ. ವಿಟಮಿನ್ ಡಿ ಇದೆ, ಊಟಕ್ಕೆ ಮೊಸರು, ರೊಟ್ಟಿ ಜೊತೆ ಎಳ್ಳಿನ ಹಿಂಡಿ, ಸಂಜೆ ಬಿರುಸಿನ ನಡಿಗೆ. ಅವ್ವ ಡಾಕ್ಟರು ಬರೆದ ಮೂಳೆಯ ಔಷಧಿ ತಗೋತಾಳೆ. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದ್ದೇನೆ, ಅವಳ ಕೈಗೆ ಎಟಕುವಷ್ಟು ಎತ್ತರದಲ್ಲಿ.