ರಾತ್ರಿ ಬಸ್ಸೂ ತಾಮ್ರದ ತಂತಿಯೂ

ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರ? ಭೂಗೋಲದ ಪುಸ್ತಕ ಸುಮಾರು 400 ಕಿಲೋಮೀಟರ್ ಎಂದು ಹೇಳೀತು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮುದ್ರಣದ ಕಸುಬಿನವರನ್ನು ಕೇಳಿದ್ದರೆ, "ಒಂದು ರಾತ್ರಿ" ಎಂಬ ಉತ್ತರ ಬರುವ ಸಂಭವವೇ ಹೆಚ್ಚಾಗಿತ್ತು. ಸಂಜೆ ಸಿದ್ಧವಾದ ಪುಟವನ್ನು ಸಿ.ಡಿ.ಗೆ ಇಳಿಸಿ, ಲಕೋಟೆಯಲ್ಲಿಟ್ಟು, ಮೇಲೆ ದಪ್ಪಕ್ಷರದಲ್ಲಿ ವಿಳಾಸ ಬರೆದು ರಾತ್ರಿ ಬಸ್ಸಿಗೆ ಒಪ್ಪಿಸಿದರೆ, ಬೆಳಗಾಗುವ ಹೊತ್ತಿಗೆ ಗಿರಾಕಿಯ ಕಡೆಯವನೊಬ್ಬ ಬಸ್ ನಿಲ್ದಾಣಕ್ಕೆ ಬಂದು ಅದನ್ನು ಬಿಡಿಸಿಕೊಳ್ಳಬೇಕು. ಬಸ್ಸು ಕೆಟ್ಟು ನಿಂತರೆ ಪುಟವೂ ದಾರಿಯಲ್ಲಿಯೇ ನಿಂತಂತೆ.

ಈ ರಾತ್ರಿಯನ್ನು ಕೆಲವು ನಿಮಿಷಗಳಿಗೆ ಇಳಿಸುವೆನೆಂಬ ಭರವಸೆಯೊಡನೆ ಬಂದದ್ದು ಐ.ಎಸ್.ಡಿ.ಎನ್. ಎಂಬ ದೂರವಾಣಿ. ಬಿಡಿಸಿ ಹೇಳುವುದಾದರೆ ಇಂಟಿಗ್ರೇಟೆಡ್ ಸರ್ವಿಸಸ್ ಡಿಜಿಟಲ್ ನೆಟ್‌ವರ್ಕ್. ಹೆಸರು ಉದ್ದವಾದರೂ ಅದರ ಹಿಂದಿನ ವಿಚಾರ ಸರಳವಾದದ್ದು. ಆ ವಿಚಾರವನ್ನು ತಿಳಿಯಬೇಕಾದರೆ ಮೊದಲು ಕಿತ್ತೂರಿಗೆ ಹೋಗಬೇಕು.

ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಸಾಗಿದರೆ ಸಿಗುವ ಕಿತ್ತೂರು, ರಾಣಿ ಚೆನ್ನಮ್ಮನ ಊರೆಂದು ಪ್ರತಿಯೊಬ್ಬ ಕನ್ನಡಿಗನೂ ಬಲ್ಲ. ಅದೇ ಊರಿಗೆ ಇನ್ನೊಂದು ಕೀರ್ತಿಯೂ ಉಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಭಾರತ ಸರಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದು ರೂಪಿಸಿದ 128 ಸಂಪರ್ಕ ದ್ವಾರಗಳ ಡಿಜಿಟಲ್ ದೂರವಾಣಿ ವಿನಿಮಯ ಯಂತ್ರವನ್ನು ಮೊಟ್ಟಮೊದಲು ಸ್ಥಾಪಿಸಿದ್ದು 1986ರ ಜುಲೈ ತಿಂಗಳಿನಲ್ಲಿ, ಈ ಕಿತ್ತೂರಿನಲ್ಲಿ. ಹೊರದೇಶದ ಯಂತ್ರಗಳು ತಂಪು ಕೋಣೆಯನ್ನು ಬೇಡುತ್ತಿದ್ದವು. ಇದಾದರೋ ನಮ್ಮ ಬಿಸಿಲು ಧೂಳುಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದ ಸಾಧಾರಣ ಕೋಣೆಯಲ್ಲಿಯೇ ದುಡಿಯಬೇಕೆಂಬ ಉದ್ದೇಶದಿಂದ ಕಟ್ಟಿದ ಯಂತ್ರ.

ಈ ಯಂತ್ರದ ಒಡಲಿನಲ್ಲಿ ಮನುಷ್ಯನ ಮಾತು ಅಂಕಿಗಳಾಗಿ ಮಾರ್ಪಡುತ್ತದೆ. ಅಲೆಕ್ ರೀವ್ಸ್ ಎಂಬ ಆಂಗ್ಲ ಶಾಸ್ತ್ರಜ್ಞ 1930ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಕಂಡುಕೊಂಡ ಉಪಾಯವಿದು. ಧ್ವನಿಯ ಅಲೆಯನ್ನು ಸೆಕೆಂಡಿಗೆ 8000 ಬಾರಿ ಅಳೆಯುವುದು; ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುವುದು. ಎಂಟು ಸಾವಿರವನ್ನು ಎಂಟರಿಂದ ಗುಣಿಸಿದರೆ ಸೆಕೆಂಡಿಗೆ 64,000 ಬಿಟ್. ಜಗತ್ತಿನ ಡಿಜಿಟಲ್ ದೂರವಾಣಿಗೆಲ್ಲ ಈ ಅರವತ್ತನಾಲ್ಕು ಸಾವಿರವೇ ಮೂಲಮಾನವಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವಿನಿಮಯ ಕೇಂದ್ರದ ಒಳಗೆ ಎಲ್ಲವೂ ಅಂಕಿ. ಗಣಕಯಂತ್ರದ ಒಳಗೂ ಎಲ್ಲವೂ ಅಂಕಿ. ಇವೆರಡರ ನಡುವಿನ ಒಂದೆರಡು ಮೈಲಿ ತಾಮ್ರದ ತಂತಿ ಮಾತ್ರ ಹಳೆಯ ಕಾಲದಂತೆ ಧ್ವನಿಯನ್ನೇ ಒಯ್ಯುತ್ತಿತ್ತು. ಆದ್ದರಿಂದ ಮೋಡೆಮ್ ಎಂಬ ಪೆಟ್ಟಿಗೆ ಅಂಕಿಗಳನ್ನು ಕೀರಲು ದನಿಯಾಗಿ ಬದಲಿಸಿ ತಂತಿಗೆ ಕೊಡಬೇಕು. ವಿನಿಮಯ ಕೇಂದ್ರ ಆ ದನಿಯನ್ನು ಮತ್ತೆ ಅಂಕಿಯಾಗಿಸಬೇಕು! ಬೆಣ್ಣೆಯನ್ನು ಮಜ್ಜಿಗೆಗೆ ಕದಡಿ ಮತ್ತೆ ಕಡೆದು ತೆಗೆದಂತಹ ಈ ವ್ಯವಹಾರದಲ್ಲಿ ಒಳ್ಳೆಯ ಮೋಡೆಮ್ ಕಳುಹಿಸಬಲ್ಲದ್ದು ಸೆಕೆಂಡಿಗೆ 33,600 ಬಿಟ್ ಮಾತ್ರ. ಆ ಕೊನೆಯ ತಂತಿಯನ್ನೂ ಡಿಜಿಟಲ್ ಮಾಡಿದರೆ ಆಗದೇ? ಐ.ಎಸ್.ಡಿ.ಎನ್. ಹುಟ್ಟಿದ್ದು ಈ ಪ್ರಶ್ನೆಯಿಂದ. ಅದರ ಅಂತಾರಾಷ್ಟ್ರೀಯ ನಿಯಮಗಳು 1984ರಲ್ಲಿ ಹೊರಬಿದ್ದು 1988ರಲ್ಲಿ ಪರಿಷ್ಕಾರಗೊಂಡವು. ಹಳೆಯ ಜೋಡಿ ತಂತಿಯ ಮೇಲೆಯೇ 64,000 ಬಿಟ್‌ನ ಎರಡು ವಾಹಿನಿಗಳು, ಜೊತೆಗೆ ಕರೆ ಕೂಡಿಸುವ ಸಂಜ್ಞೆಗಳಿಗೆಂದು 16,000 ಬಿಟ್‌ನ ಮತ್ತೊಂದು ಕಿರುವಾಹಿನಿ. ಒಂದು ವಾಹಿನಿಯಲ್ಲಿ ಯಜಮಾನರು ಮಾತನಾಡುತ್ತಿರುವಾಗ ಇನ್ನೊಂದರಲ್ಲಿ ಚಿತ್ರ ಹೋಗಬಹುದು. ಮಾತು ಬೇಡವೆಂದರೆ ಎರಡನ್ನೂ ಜೋಡಿಸಿ 1,28,000 ಬಿಟ್ ಪಡೆಯಬಹುದು.

ಜಪಾನು 1988ರಲ್ಲಿ, ಜರ್ಮನಿ 1989ರಲ್ಲಿ ಈ ಸೇವೆಯನ್ನು ಸಾರ್ವಜನಿಕರಿಗೆ ತೆರೆದವು. ಯುರೋಪಿನ ಮುದ್ರಕರೂ ಬಾನುಲಿ ಸಂಸ್ಥೆಗಳೂ ಅದನ್ನು ಬಹಳವಾಗಿ ನೆಚ್ಚಿಕೊಂಡರು. ಭಾರತದಲ್ಲಿ ಅದು ತೊಂಬತ್ತರ ದಶಕದಲ್ಲಿ ಮಹಾನಗರಗಳಿಂದ ಆರಂಭವಾಗಿ ಕ್ರಮೇಣ ಇತರ ನಗರಗಳಿಗೆ ಹಬ್ಬಿತು. ದೊಡ್ಡ ಸಂಸ್ಥೆಗಳು ಅಲ್ಲಿಯವರೆಗೆ ಕಾಯಲಿಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಎಂಜಿನಿಯರರ ಕೆಲಸವನ್ನು ಅಮೆರಿಕೆಗೆ ತಲುಪಿಸಲು ಉಪಗ್ರಹದ ಸಂಪರ್ಕವನ್ನೇ ಏರ್ಪಡಿಸಿಕೊಂಡಿತು. ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಎರಡು ಗಣಕಯಂತ್ರ ಇಟ್ಟುಕೊಂಡು ಲಗ್ನಪತ್ರಿಕೆ, ಕ್ಯಾಲೆಂಡರು, ಪೇಢೆಯ ಡಬ್ಬಿಯ ಮುಚ್ಚಳಗಳನ್ನು ವಿನ್ಯಾಸ ಮಾಡುವವನಿಗೆ ಉಪಗ್ರಹ ಎಲ್ಲಿಂದ ಬರಬೇಕು? ಅವನಿಗೆ ಆಸೆಯ ಎಳೆ ಈ ತಾಮ್ರದ ತಂತಿಯೇ.

ಲೆಕ್ಕ ಹಾಕಿ ನೋಡಬಹುದು. ಸಾಧಾರಣ ಪತ್ರದ ಅಳತೆಯ, ನಾಲ್ಕು ಬಣ್ಣದ ಒಂದು ಪುಟವನ್ನು ಮುದ್ರಣಕ್ಕೆ ತಕ್ಕ ಸ್ಫುಟತೆಯಲ್ಲಿ, ಎಂದರೆ ಅಂಗುಲಕ್ಕೆ 300 ಚುಕ್ಕೆಯಂತೆ, ಚಿತ್ರವಾಗಿ ಕಟ್ಟಿದರೆ ಅದು ಸುಮಾರು ಮೂರೂವರೆ ಕೋಟಿ ಬೈಟ್. ಮೋಡೆಮ್‌ನಲ್ಲಿ ಕಳುಹಿಸಿದರೆ ಎರಡೂಕಾಲು ತಾಸಿಗೆ ಕಡಿಮೆಯಿಲ್ಲ. ಐ.ಎಸ್.ಡಿ.ಎನ್. ವಾಹಿನಿ ಒಂದೇ ಆದರೆ ಒಂದು ತಾಸು ಹದಿಮೂರು ನಿಮಿಷ. ಎರಡೂ ಸೇರಿದರೆ ಮೂವತ್ತಾರು ನಿಮಿಷ. ಕಣ್ಣಿಗೆ ಕಾಣದಷ್ಟು ವಿವರವನ್ನು ಬಿಟ್ಟುಕೊಟ್ಟು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಿದರೆ ನಾಲ್ಕು ನಿಮಿಷದೊಳಗೆ ಮುಗಿದೀತು. ಒಂದು ಪುಟದ ಮಟ್ಟಿಗೆ ಬಸ್ಸು ಸೋತಿತೆಂದೇ ಹೇಳಬೇಕು.

ಆದರೆ ಒಂದು ಪುಸ್ತಕವೇ ಹೋಗಬೇಕಾದರೆ? ಒಂದು ಸಿ.ಡಿ. ತುಂಬ ಇರುವ 650 ಮೆಗಾಬೈಟನ್ನು ಎರಡು ವಾಹಿನಿಗಳಲ್ಲಿ ಸಾಗಿಸಲು ಹನ್ನೊಂದು ಮುಕ್ಕಾಲು ತಾಸು ಬೇಕು. ಒಂಬತ್ತು ತಾಸಿನಲ್ಲಿ ಬೆಂಗಳೂರು ಮುಟ್ಟುವ ಬಸ್ಸು ಅಷ್ಟನ್ನೂ ತನ್ನ ಮೂಲೆಯೊಂದರಲ್ಲಿಟ್ಟುಕೊಂಡು ಹೋಗಿಬಿಡುತ್ತದೆ. ಎಂದರೆ ಬಸ್ಸಿನ ವೇಗ ಸೆಕೆಂಡಿಗೆ 1,60,000 ಬಿಟ್‌ಗೂ ಮಿಗಿಲು! ಹತ್ತು ಸಿ.ಡಿ. ಇಟ್ಟರೂ ಬಸ್ಸಿಗೆ ಹೊರೆಯಿಲ್ಲ. ತಂತಿಗಾದರೋ ಅದು ಐದು ದಿನದ ಮಾತು.

ಖರ್ಚಿನ ಲೆಕ್ಕ ಇನ್ನೂ ಕಠಿಣ. ಎರಡು ವಾಹಿನಿ ಎಂದರೆ ಎರಡು ಎಸ್.ಟಿ.ಡಿ. ಕರೆ, ಮೀಟರು ಎರಡು ಪಟ್ಟು ಓಡುತ್ತದೆ. ಹುಬ್ಬಳ್ಳಿ ಧಾರವಾಡಗಳಿಗೆ 0836 ಎಂಬ ಒಂದೇ ಸಂಕೇತವಿದ್ದುದರಿಂದ ಅವಳಿ ನಗರದ ಒಳಗಿನ ವ್ಯವಹಾರ ಸುಲಭವಾಗಿತ್ತು, ಬೆಂಗಳೂರಿಗೆ ಹಾಗಲ್ಲ. ಎಸ್.ಟಿ.ಡಿ. ದರ ಕಾಲುಭಾಗಕ್ಕೆ ಇಳಿಯುವ ತಡರಾತ್ರಿಗಾಗಿ ಕಾದು, ಎಷ್ಟೋ ಮನೆಗಳಲ್ಲಿ ದೂರದ ಬಂಧುಗಳೊಡನೆ ಮಾತನಾಡುತ್ತಿದ್ದ ಆ ದಿನಗಳನ್ನು ಬಹುಮಂದಿ ಓದುಗರು ನೆನೆಸಿಕೊಳ್ಳಬಲ್ಲರು. ಕಡತ ಕಳುಹಿಸುವವನೂ ಅದೇ ಹೊತ್ತಿಗೆ ಕಾಯಬೇಕು. ತುದಿಯಲ್ಲಿ ಗಿರಾಕಿಯ ಬಳಿಯೂ ಇದೇ ಬಗೆಯ ಸಂಪರ್ಕವಿರಬೇಕು. ಇಲ್ಲದಿದ್ದರೆ ಈ ಕಡೆಯ ವೇಗವೆಲ್ಲ ವ್ಯರ್ಥ. ಮತ್ತೆ ವಿದ್ಯುತ್ತಿನ ಕಾಟ. ಹಳೆಯ ದೂರವಾಣಿಗೆ ಬೇಕಾದ ಶಕ್ತಿ ವಿನಿಮಯ ಕೇಂದ್ರದಿಂದಲೇ ತಂತಿಯಲ್ಲಿ ಹರಿದು ಬರುತ್ತಿತ್ತು. ಊರು ಕತ್ತಲೆಯಾದರೂ ಅದು ಮಾತನಾಡುತ್ತಿತ್ತು. ಐ.ಎಸ್.ಡಿ.ಎನ್. ಪೆಟ್ಟಿಗೆಗೂ ಗಣಕಯಂತ್ರಕ್ಕೂ ಮನೆಯ ಕರೆಂಟೇ ಗತಿ. ಮೂವತ್ತನೆಯ ನಿಮಿಷದಲ್ಲಿ ಕರೆಂಟು ಹೋಯಿತೆಂದರೆ, ಬಿಟ್ಟಲ್ಲಿಂದ ಮುಂದುವರಿಸಬಲ್ಲ ತಂತ್ರಾಂಶವಿದ್ದರೆ ಸರಿ. ಇಲ್ಲವಾದರೆ ಮೊದಲಿನಿಂದ ಮತ್ತೆ.

ಇಷ್ಟೆಲ್ಲ ಇದ್ದರೂ ತಂತಿಯ ನಿಜವಾದ ಬೆಲೆ ತಿಳಿಯುತ್ತಿದ್ದುದು ತಪ್ಪು ತಿದ್ದುವಾಗ. ಒಂದು ಲಗ್ನಪತ್ರಿಕೆಯನ್ನೇ ಎಣಿಸಿಕೊಳ್ಳೋಣ. ಕರಡು ಬೆಂಗಳೂರು ಸೇರಿದ ಮೇಲೆ ಬೀಗರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿರುವುದು ಕಂಡುಬಂದರೆ, ಬಸ್ಸನ್ನು ನಂಬಿದವನಿಗೆ ಇನ್ನೊಂದು ರಾತ್ರಿ ಹೋಯಿತು. ಮತ್ತೊಂದು ತಪ್ಪು ಸಿಕ್ಕರೆ ಮತ್ತೊಂದು ರಾತ್ರಿ. ಮುಹೂರ್ತ ಯಾರಿಗಾಗಿಯೂ ಕಾಯದು. ಹೀಗೆ ಒಂದೆರಡು ಸಲ ತಡವಾದರೆ ಗಿರಾಕಿ ತನ್ನ ಓಣಿಯ ಮುದ್ರಕನನ್ನೇ ಹುಡುಕಿಕೊಳ್ಳುವುದು ಸಹಜ. ದೂರದ ಊರಿನ ಕಸುಬುದಾರನಿಗೆ ಅದು ಅನ್ನದ ಪ್ರಶ್ನೆ. ದೊಡ್ಡ ಹೊರೆಗೆ ಬಸ್ಸು, ತಿದ್ದುಪಡಿಗೆ ತಂತಿ ಎಂಬ ಹೊಂದಾಣಿಕೆಯೇ ಅಂದಿನ ಜಾಣತನವೆನ್ನಬೇಕು.

ಕನ್ನಡದ ಕೆಲಸಕ್ಕೆ ಇದರ ಮೇಲೆ ಮತ್ತೊಂದು ತೊಡಕು. ಇಂಗ್ಲಿಷಿನ ಪುಟವಾದರೆ ಬರಿಯ ಅಕ್ಷರಗಳನ್ನು ಕಳುಹಿಸಿದರೆ ಸಾಕು. ನಾಲ್ಕು ಸಾವಿರ ಬೈಟು ಐ.ಎಸ್.ಡಿ.ಎನ್.ನಲ್ಲಿ ಕಾಲು ಸೆಕೆಂಡಿನ ಹಾದಿ. ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ. ಶ್ರೀಲಿಪಿ, ಆಕೃತಿ, ಬರಹ ಎಂದು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತಕ್ರಮ. ಈ ಕಡೆ 'ಕ' ಎಂದು ಕಂಡದ್ದು ಅದೇ ಫಾಂಟು ಇಲ್ಲದ ಗಿರಾಕಿಯ ಪರದೆಯ ಮೇಲೆ ಯಾವುದೋ ಪರದೇಶದ ಚಿಹ್ನೆಯಾಗಿ ಕಾಣುತ್ತಿತ್ತು. ಯೂನಿಕೋಡ್‌ನ ಸರ್ವಸಮ್ಮತ ಕ್ರಮದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತ್ತು. ಆದರೆ ಅದು ಮುದ್ರಣದ ತಂತ್ರಾಂಶಗಳೊಳಗೆ ಇಳಿದು ಬರಲು ಹಲವು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಇದ್ದ ದಾರಿ ಒಂದೇ: ಅಕ್ಷರಗಳನ್ನು ಅಕ್ಷರಗಳಾಗಿ ಕಳುಹಿಸದೆ ಪುಟವನ್ನೇ ಚಿತ್ರ ಮಾಡಿ, ಇಲ್ಲವೇ ಫಾಂಟನ್ನೂ ಒಳಗೆ ಹುದುಗಿಸಿ ಕಳುಹಿಸುವುದು. ಕಾಲು ಸೆಕೆಂಡಿನ ಬರಹಕ್ಕೆ ಮೂವತ್ತಾರು ನಿಮಿಷದ ಪ್ರಯಾಣ! ಕನ್ನಡಿಗ ಮುದ್ರಕ ತೆತ್ತ ಎಸ್.ಟಿ.ಡಿ. ಹಣದಲ್ಲಿ ಒಂದು ಪಾಲು ಲಿಪಿಯ ಒಗ್ಗಟ್ಟಿಲ್ಲದ್ದಕ್ಕೆ ತೆತ್ತ ದಂಡವೆಂದರೆ ಅತಿಶಯೋಕ್ತಿಯಾಗದು.

ಮಿಂಚಂಚೆಯೇನೋ ಬಂದಿತ್ತು. ಆದರೆ ಹಾಟ್‌ಮೇಲ್‌ನ ಉಚಿತ ಪೆಟ್ಟಿಗೆಯಲ್ಲಿ ಬಹುಕಾಲ ಇದ್ದ ಜಾಗ ಒಟ್ಟು 2 ಮೆಗಾಬೈಟ್. ಅಂಚೆಗೆ ಲಗತ್ತಿಸಿದ ಕಡತ ಮೂರು ಬೈಟಿಗೆ ನಾಲ್ಕರಂತೆ ಊದಿಕೊಳ್ಳುತ್ತದೆ ಬೇರೆ. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಕೊಡುವುದಾಗಿ ಸಾರಿದಾಗ ಅದನ್ನು ಮೂರ್ಖರ ದಿನದ ಹಾಸ್ಯವೆಂದು ಭಾವಿಸಿದವರೂ ಇದ್ದರು.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಕನಿಷ್ಠ ವೇಗವೇ 2,56,000 ಬಿಟ್. ಅದೇ ತಾಮ್ರದ ತಂತಿ, ಆದರೆ ಕರೆಗಿಷ್ಟು ಎಂಬ ಮೀಟರಿಲ್ಲ. ಈ ಹೊಸ ಕ್ರಮದಲ್ಲಿ ಇಳಿಸಿಕೊಳ್ಳುವ ದಾರಿ ಅಗಲ, ಕಳುಹಿಸುವ ದಾರಿ ಕಿರಿದು. ಕಳುಹಿಸುವುದೇ ಕಸುಬಾದವರಿಗೆ ಎರಡು ಕಡೆಗೂ ಒಂದೇ ಅಗಲವಿದ್ದ ಐ.ಎಸ್.ಡಿ.ಎನ್.ನ ಸಮದೃಷ್ಟಿ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಜನ ಅತ್ತ ಸರಿದರು. ಜಪಾನಿನಲ್ಲಿ ಐ.ಎಸ್.ಡಿ.ಎನ್.ನ ದತ್ತಾಂಶ ಸೇವೆ 2024ರ ಜನವರಿಯಲ್ಲಿ ಮುಕ್ತಾಯವಾಯಿತು.

ಆ ಕಾಲದಲ್ಲಿ ಬಸ್ಸನ್ನೇರಿದ, ತಂತಿಯಲ್ಲಿ ಹರಿದ ಪುಟಗಳ ಪ್ರತಿಗಳು ಹಳೆಯ ಸಿ.ಡಿ.ಗಳಲ್ಲಿ ಇನ್ನೂ ಉಳಿದಿರಬಹುದು. ಹಳೆಯ ಫಾಂಟಿನ ಸಂಕೇತದಲ್ಲಿರುವ ಆ ಕನ್ನಡವನ್ನು ಇಂದಿನ ಯಂತ್ರದಲ್ಲಿ ಓದಬೇಕಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವೊತ್ತುಗಳನ್ನೂ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು.