ತಬ್ಬಿಕೊಂಡವರು ಯಾರು?

ಫೋಟೊದಲ್ಲಿ ಗಂಡ ಎದೆಯುಬ್ಬಿಸಿ ನಿಲ್ಲಬೇಕು, ಹೆಂಡತಿ ಅವನಿಗೆ ಒರಗಬೇಕು. ಇದು ಸ್ಟುಡಿಯೊ ಕಾಲದ ರೂಢಿ. ಅದನ್ನು ತಲೆಕೆಳಗು ಮಾಡಿದ ಫೋಟೊ ಒಂದಿದೆ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕ್‌ನ ಡಕೋಟಾ ಕಟ್ಟಡದಲ್ಲಿ ಆ್ಯನಿ ಲೀಬೊವಿಟ್ಜ್ ತೆಗೆದದ್ದು.

‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮುಖಪುಟಕ್ಕೆ ಬೀಟಲ್ಸ್ ಖ್ಯಾತಿಯ ಜಾನ್ ಲೆನನ್ ಒಬ್ಬರೇ ಸಾಕಿತ್ತು. ಪತ್ನಿ ಯೋಕೊ ಓನೊ ಇರಲೇಬೇಕೆಂದು ಲೆನನ್ ಪಟ್ಟು ಹಿಡಿದರು. ಬೀಟಲ್ಸ್ ಒಡೆದದ್ದು ಇವಳಿಂದಲೇ ಎಂದು ಎಷ್ಟೋ ಅಭಿಮಾನಿಗಳು ದೂರುತ್ತಿದ್ದದ್ದು ಆಕೆಯನ್ನೇ!

ಕಪ್ಪು ಸ್ವೆಟರ್, ಜೀನ್ಸ್ ತೊಟ್ಟ ಯೋಕೊ ಸುಮ್ಮನೆ ಮಲಗಿದ್ದಾರೆ. ಮೈಮೇಲೆ ನೂಲೆಳೆಯೂ ಇಲ್ಲದ ಲೆನನ್ ಮಗುವಿನಂತೆ ಮುದುರಿ, ಅವರನ್ನು ತಬ್ಬಿ ಕೆನ್ನೆಗೆ ಮುತ್ತಿಡುತ್ತಿದ್ದಾರೆ. ಮೊದಲ ಪೋಲರಾಯ್ಡ್ ನೋಡಿದ ಲೆನನ್, ನಮ್ಮ ಸಂಬಂಧ ಇರುವುದೇ ಹೀಗೆ ಎಂದು ಮೆಚ್ಚಿದರಂತೆ.

ಅದೇ ರಾತ್ರಿ ಮನೆಬಾಗಿಲಲ್ಲೇ ಅವರ ಹತ್ಯೆಯಾಯಿತು. 1981ರ ಜನವರಿ 22ರ ಸಂಚಿಕೆಯ ಮುಖಪುಟದಲ್ಲಿ ಆ ಫೋಟೊ ಬಂತು, ಒಂದು ತಲೆಬರಹವೂ ಇಲ್ಲದೆ. ಯೋಕೊ ಜೊತೆಯಲ್ಲೇ.

ಸಾವು ಅದನ್ನು ಪ್ರಸಿದ್ಧಗೊಳಿಸಿರಬಹುದು. ಆದರೆ ‘ನೀನಿಲ್ಲದೆ ನಾನಿಲ್ಲ’ ಎಂದು ಜಗತ್ತಿನೆದುರು ತೋರಿಸಿಕೊಳ್ಳುವ ಧೈರ್ಯ ಸಾವಿಗೂ ಮೊದಲೇ ಅಲ್ಲಿತ್ತು. ಫಿಲ್ಟರ್ ಹಾಕಿದ ನಮ್ಮ ಕಪಲ್ ಸೆಲ್ಫಿಗಳಲ್ಲಿ ಅದು ಇದೆಯಾ?