ಹಡಗಿನ ಹೊರೆಗೆರೆ

ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿನ ಕಡಲ ದಂಡೆಯಲ್ಲಿ ನಿಂತರೆ, 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ಬಂದುಹೋಗುವ ಹಡಗುಗಳನ್ನು ಕಣ್ಣಾರೆ ನೋಡಬಹುದು. ಅವುಗಳ ಗಾತ್ರಕ್ಕೆ ಬೆರಗಾಗುವುದು ಸಹಜವೇ. ಆದರೆ ಕುತೂಹಲಿಯಾದವನು ನೋಡಬೇಕಾದುದು ಹಡಗಿನ ಒಡಲು ನೀರನ್ನು ಮುಟ್ಟುವ ಎಡೆಯನ್ನು. ಕಲ್ಲಿದ್ದಲನ್ನು ತುಂಬಿಕೊಂಡು ಒಳಬರುವ ಹಡಗಿನ ಕೆಳಮೈಗೆ ಬಳಿದ ಕೆಂಬಣ್ಣವು ಸೀರೆಯ ಅಂಚಿನಷ್ಟು ಕಿರಿದಾಗಿ ಕಾಣುತ್ತದೆ. ಅದೇ ಹಡಗು ಸರಕಿಳಿಸಿ ಹೊರಟಾಗ ಆ ಪಟ್ಟಿ ಹಲವು ಮೀಟರು ಅಗಲವಾಗಿರುತ್ತದೆ. ನೀರಿನಡಿ ಅಡಗಿದ್ದ ಗುಂಡಾದ ಮೂತಿಯೂ ಮುಂಭಾಗದಲ್ಲಿ ಹೊರಗಿಣುಕುತ್ತದೆ.

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆಂಬುದನ್ನು ವಾಚಕರು ಶಾಲೆಯಲ್ಲಿಯೇ ಓದಿರುವರಷ್ಟೆ. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ನಾವು ತೋರಿಸುವ ಆರ್ಕಿಮಿಡೀಸನ ಈ ತತ್ತ್ವವು ಬಂದರಿನಲ್ಲಿ ತಕ್ಕಡಿಯ ಕೆಲಸವನ್ನೇ ಮಾಡುತ್ತದೆ. ನೀರಿನ ಮಟ್ಟದಲ್ಲಿ 5,000 ಚದರ ಮೀಟರು ವಿಸ್ತೀರ್ಣವುಳ್ಳ ಹಡಗೊಂದನ್ನು ಭಾವಿಸಿಕೊಳ್ಳೋಣ. ಅದು ಒಂದು ಸೆಂಟಿಮೀಟರು ಕೆಳಗಿಳಿದರೆ 50 ಘನ ಮೀಟರು ನೀರು ಸರಿಯಬೇಕು. ಕಡಲ ನೀರು ಘನ ಮೀಟರಿಗೆ ಸುಮಾರು 1,025 ಕಿಲೋಗ್ರಾಂ ತೂಗುವುದರಿಂದ ಆ ಒಂದು ಸೆಂಟಿಮೀಟರು ಸುಮಾರು 51 ಟನ್ನಿಗೆ ಸಮ. ಹಡಗಿನ ಪಕ್ಕಗಳಲ್ಲಿ ಬರೆದಿರುವ ಆಳದ ಅಂಕಿಗಳನ್ನು ಮೊದಲೂ ಅನಂತರವೂ ಓದಿ, ಇಂಧನ ಮೊದಲಾದವುಗಳ ತೂಕವನ್ನು ಕಳೆದು, ಇಳಿದ ಕಲ್ಲಿದ್ದಲೆಷ್ಟೆಂದು ಲೆಕ್ಕಹಾಕುವ ಪದ್ಧತಿಯುಂಟು.

ಹಾಗಾದರೆ ಹಡಗಿಗೆ ಎಷ್ಟರವರೆಗೆ ಹೊರೆ ಹೇರಬಹುದು? ನೀರಿನಿಂದ ಮೇಲೆ ಉಳಿಯುವ ಒಡಲಿನ ಭಾಗವೇ ಅದರ ಮೀಸಲು ತೇಲುಶಕ್ತಿ. ಅಲೆಗಳು ಮೇಲೇರಿ ನೀರು ಒಳಹೊಕ್ಕಾಗ ಹಡಗನ್ನು ಕಾಯುವುದು ಅದೇ. 19ನೆಯ ಶತಮಾನದ ಬ್ರಿಟನ್ನಿನಲ್ಲಿ, ಹಳೆಯ ಹಡಗಿಗೆ ದೊಡ್ಡ ವಿಮೆ ಮಾಡಿಸಿ ಮಿತಿಮೀರಿ ಸರಕು ತುಂಬಿ ಕಳುಹಿಸುವ ಮಾಲೀಕರಿದ್ದರು. ಹಡಗು ಮುಳುಗಿದರೂ ಅವರಿಗೆ ನಷ್ಟವಿಲ್ಲ, ಸಾಯುವವರು ನಾವಿಕರು. ಅಂಥವುಗಳಿಗೆ ‘ಶವಪೆಟ್ಟಿಗೆ ಹಡಗು’ಗಳೆಂದೇ ಹೆಸರಾಗಿತ್ತು. ಪಾರ್ಲಿಮೆಂಟಿನ ಸದಸ್ಯನಾದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬವನು 1873ರಲ್ಲಿ ಇದನ್ನು ಕುರಿತು ಪುಸ್ತಕ ಬರೆದನು. 1875ರಲ್ಲಿ ಸರ್ಕಾರವು ಮಸೂದೆಯನ್ನು ಕೈಬಿಟ್ಟಾಗ ಸಭೆಯಲ್ಲಿಯೇ ಸಿಡಿದೆದ್ದನು. 1876ರ ಕಾನೂನು ಹೊರೆಗೆರೆಯನ್ನು ಕಡ್ಡಾಯ ಮಾಡಿತು; ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕರಿಗೇ ಬಿಟ್ಟಿತು! ಬೇಲಿಯ ಕಾವಲನ್ನು ಮೇಕೆಗೆ ಒಪ್ಪಿಸಿದಂತಾಯಿತು. ಸ್ಥಾನವನ್ನು ಕಾನೂನೇ ಗೊತ್ತುಮಾಡಲು 1890ರವರೆಗೆ ಕಾಯಬೇಕಾಯಿತು. ಮುಂದೆ 1930 ಮತ್ತು 1966ರ ಒಪ್ಪಂದಗಳು ಈ ನಿಯಮವನ್ನು ಅಂತರರಾಷ್ಟ್ರೀಯವನ್ನಾಗಿ ಮಾಡಿದುವು.

ಹಡಗಿನ ನಟ್ಟನಡುವೆ, ಪಕ್ಕದ ಮೇಲೆ, ಅಡ್ಡಗೆರೆಯಿಂದ ಸೀಳಿದ ವೃತ್ತವೊಂದು ಕಾಣುವುದೇ ಈ ಗುರುತು. ಅದರ ಬಳಿ ಏಣಿಯ ಮೆಟ್ಟಿಲಿನಂತೆ ಹಲವು ಗೆರೆಗಳಿವೆ. ‘ಎಸ್’ ಬೇಸಗೆಯ ಗೆರೆ, ‘ಡಬ್ಲ್ಯು’ ಚಳಿಗಾಲದ್ದು, ‘ಟಿ’ ಉಷ್ಣವಲಯದ್ದು, ‘ಎಫ್’ ಸಿಹಿನೀರಿನದು. ಸಿಹಿನೀರು ಕಡಲ ನೀರಿಗಿಂತ ಹಗುರವಾದುದರಿಂದ ಅದರಲ್ಲಿ ಹಡಗು ಹೆಚ್ಚು ಮುಳುಗುತ್ತದೆ. ಮೇಲೆ ಹೇಳಿದ ಹಡಗಿನ ಒಟ್ಟು ತೂಕ 40,000 ಟನ್ನಾದರೆ ವ್ಯತ್ಯಾಸವು ಸುಮಾರು 20 ಸೆಂಟಿಮೀಟರು. ಹೂಗ್ಲಿ ನದಿಯ ದಡದ ಕಲ್ಕತ್ತೆಯ ಬಂದರಿನಂಥ ಕಡೆ ಹೊರೆ ಹೇರಿದ ಹಡಗು, ಕಡಲಿಗೆ ಇಳಿದಂತೆಲ್ಲ ತಾನಾಗಿಯೇ ಮೇಲೇಳುತ್ತದೆ. ಆದುದರಿಂದಲೇ ಸಿಹಿನೀರಿನ ಗೆರೆ ಮೇಲಿದೆ.

ಉಷ್ಣವಲಯದ ಗೆರೆಯೂ ಬೇಸಗೆಯ ಗೆರೆಗಿಂತ ಮೇಲಿರುವುದಕ್ಕೆ ಬೆಚ್ಚನೆಯ ನೀರು ಹಗುರವಾಗಿರುವುದೇ ಕಾರಣವೆಂದು ಊಹಿಸುವುದು ಸುಲಭ. ಲೆಕ್ಕ ಅದನ್ನು ಒಪ್ಪುವುದಿಲ್ಲ. 12 ಮೀಟರು ಮುಳುಗುವ ಹಡಗಿನಲ್ಲಿ ಈ ಎರಡು ಗೆರೆಗಳ ಅಂತರ 25 ಸೆಂಟಿಮೀಟರು, ಎಂದರೆ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ಹತ್ತು ಹನ್ನೆರಡು ಡಿಗ್ರಿಗಳ ಬಿಸಿಯಿಂದ ಕಡಲ ನೀರಿನ ಸಾಂದ್ರತೆ ನೂರಕ್ಕೆ ಅರ್ಧದಷ್ಟೂ ಕುಗ್ಗದು. ನಿಜವಾದ ಕಾರಣ ಹವೆ: ಉಷ್ಣವಲಯವೆಂದು ಗುರುತಿಸಿದ ಕಡಲುಗಳಲ್ಲಿ ಬಿರುಗಾಳಿಯ ಭಯ ಕಡಿಮೆಯಾದುದರಿಂದ ಮೀಸಲು ತುಸು ಕಿರಿದಾದರೂ ಸಾಗುತ್ತದೆ.

ಇನ್ನು ಹೊರೆಯಿಳಿಸಿ ಹೊರಟ ಹಡಗು. ಅದರ ಕೆಂಪು ಪಟ್ಟಿಯನ್ನು ಅಳೆದು ಸರಕಿನ ತೂಕವನ್ನು ಊಹಿಸಹೊರಟರೆ ಉತ್ತರ ಕಡಿಮೆಯೇ ಬಂದೀತು. ತೀರ ಬರಿದಾದ ಹಡಗಿನ ತಿರುಪುಚಕ್ರ ನೀರಿನಿಂದ ಹೊರಬರುತ್ತದೆ, ಗಾಳಿಗೆ ಒಡಲು ಹೊಯ್ದಾಡುತ್ತದೆ. ಆದಕಾರಣ ಕಲ್ಲಿದ್ದಲು ಇಳಿಯುತ್ತಿರುವಾಗಲೇ ಹಡಗಿನವರು ತಳದ ತೊಟ್ಟಿಗಳಿಗೆ ಬಂದರಿನ ನೀರನ್ನು ಪಂಪುಗಳಿಂದ ತುಂಬಿಸಿಕೊಂಡಿರುತ್ತಾರೆ.